ಕಂಬದಿಂದ ಕಂಠದವರೆಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂತಹ ಗ್ರಾಮದಲ್ಲಿ ರಾಜ್ಯೋತ್ಸವಕ್ಕೋ ಗಣೇಶನ ಹಬ್ಬಕ್ಕೋ ಊರ ಜಾತ್ರೆಗೋ ಒಂದು ಸಂಜೆಯ ಹಾಡುಗಾರಿಕೆಯನ್ನು ಏರ್ಪಡಿಸಬೇಕೆಂದರೆ, ಹಿಂದೆ ಪಟ್ಟಣದಿಂದ ಆರ್ಕೆಸ್ಟ್ರಾ ತಂಡವೊಂದನ್ನು ಕರೆಸಿ, ಹತ್ತು ಹನ್ನೆರಡು ಮಂದಿ ವಾದ್ಯಗಾರರಿಗೆ ಊಟ ವಸತಿಗಳನ್ನೂ ಸಂಭಾವನೆಯನ್ನೂ ಒದಗಿಸಿ, ಅವರೊಡನೆ ಬಂದ ಗಾಯಕರ ಹಾಡನ್ನು ಊರವರು ಕೆಳಗೆ ಕುಳಿತು ಕೇಳುವುದೇ ವಾಡಿಕೆಯಾಗಿತ್ತು. ಆ ವಾಡಿಕೆಯ ಪಕ್ಕದಲ್ಲಿ ಇಂದು ಇನ್ನೊಂದು ಬೆಳೆದುಬಂದಿದೆ. ಒಂದು ಲ್ಯಾಪ್‌ಟಾಪು, ಒಂದು ಮಿಕ್ಸರು, ಎರಡು ಸ್ಪೀಕರು, ಎರಡು ಮೈಕು, ಸಾಹಿತ್ಯದ ಸಾಲುಗಳನ್ನು ತೋರಿಸಲು ಒಂದು ಟಿವಿ, ಇಷ್ಟು ಸಾಮಗ್ರಿ ವೇದಿಕೆಯ ಮೇಲೆ ಬಂದು ಕುಳಿತರೆ, ಪವರ್‌ಲೂಮಿನ ಕೆಲಸ ಮುಗಿಸಿ ಬಂದ ತರುಣನಾಗಲಿ, ಅಂಗನವಾಡಿಯ ಕಾರ್ಯಕರ್ತೆಯಾಗಲಿ, ನಿವೃತ್ತ ಉಪಾಧ್ಯಾಯರಾಗಲಿ, ಪಿ.ಬಿ. ಶ್ರೀನಿವಾಸರೂ ಎಸ್. ಜಾನಕಿಯವರೂ ಹಾಡಿದ ಗೀತೆಗಳನ್ನು ಪೂರ್ಣ ವಾದ್ಯವೃಂದದ ಹಿಮ್ಮೇಳದೊಡನೆ ತಮ್ಮ ಊರವರ ಮುಂದೆಯೇ ಹಾಡಬಲ್ಲರು. ಕೇಳುಗರಾಗಿದ್ದ ಜನರನ್ನು ಹಾಡುಗರನ್ನಾಗಿ ಮಾಡಿದ ಈ ಕರೋಕೆಯೆಂಬ ಪದ್ಧತಿಯನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ.

ಇದರ ಹುಟ್ಟು ಜಪಾನಿನದು. ಕೋಬೆ ನಗರದ ಪಾನಗೃಹಗಳಲ್ಲಿ ವಾದ್ಯ ನುಡಿಸುತ್ತಿದ್ದ ಇನೋಯೆ ದೈಸುಕೆ ಎಂಬಾತನು 1971ರಲ್ಲಿ, ಗಾಯಕನ ಧ್ವನಿಯಿಲ್ಲದ ಹಿಮ್ಮೇಳವನ್ನು ಟೇಪಿನಲ್ಲಿ ತುಂಬಿ, ನಾಣ್ಯ ಹಾಕಿದರೆ ನುಡಿಯುವ ಪೆಟ್ಟಿಗೆಯೊಂದನ್ನು ರಚಿಸಿ ಬಾಡಿಗೆಗೆ ಕೊಡತೊಡಗಿದನು. ಅವನು ಅದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲವಾದ ಕಾರಣ ಜಗತ್ತಿನ ಕಂಪೆನಿಗಳೆಲ್ಲ ಅದನ್ನು ಯಥೇಚ್ಛವಾಗಿ ತಯಾರಿಸಿದವು. ಆ ಪೆಟ್ಟಿಗೆಯಲ್ಲಿ ಒಂದೇ ಯಂತ್ರವಿತ್ತು. ಅದು ಒಂದು ಕೋಣೆಯ ಒಳಗೆ, ಸ್ಥಿರವಾದ ವಿದ್ಯುತ್ತಿನ ಆಸರೆಯಲ್ಲಿ ನುಡಿಯುತ್ತಿತ್ತು. ನಮ್ಮ ಹಳ್ಳಿಯ ವೇದಿಕೆಯಾದರೋ ಬಯಲಿನಲ್ಲಿರುವುದು. ಅಲ್ಲಿಗೆ ವಿದ್ಯುತ್ತು ಎಲ್ಲಿಂದಲೋ ಎಳೆದ ತಂತಿಯಲ್ಲಿ ಬರುವುದು. ಒಂದು ಯಂತ್ರದ ಸ್ಥಾನದಲ್ಲಿ ಆರು ಏಳು ಯಂತ್ರಗಳು ಒಂದನ್ನೊಂದು ಅವಲಂಬಿಸಿಕೊಂಡು ನಿಂತಿರುವುವು. ಆದುದರಿಂದಲೇ ಹಾಡು ನಡುವೆ ನಿಂತುಹೋಗುವ ಪ್ರಸಂಗ ಇಲ್ಲಿ ಅಷ್ಟು ಸಾಮಾನ್ಯ.

ಹಾಡು ನಿಂತಾಗ ಆಗುವ ನಷ್ಟವನ್ನು ಅಲ್ಪವೆಂದು ಭಾವಿಸತಕ್ಕದ್ದಲ್ಲ. ವೃತ್ತಿಗಾಯಕನಿಗೆ ಮರುದಿನ ಮತ್ತೊಂದು ವೇದಿಕೆ ದೊರೆಯುತ್ತದೆ. ಆದರೆ ವರ್ಷಕ್ಕೊಮ್ಮೆ, ಅದೂ ಮನೆಯವರ ಒತ್ತಾಯಕ್ಕೆ ಒಪ್ಪಿ, ವಾರಗಟ್ಟಲೆ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿ, ನಡುಗುವ ಕೈಯಲ್ಲಿ ಮೈಕನ್ನು ಹಿಡಿದ ಗೃಹಿಣಿಗೆ, ಪಲ್ಲವಿ ಮುಗಿದು ಚರಣಕ್ಕೆ ಕಾಲಿಡುವಷ್ಟರಲ್ಲಿ ಹಿಮ್ಮೇಳ ಸ್ತಬ್ಧವಾದರೆ, ಆಕೆ ಆ ಮೇಲೆ ಮೈಕಿನ ಬಳಿಗೆ ಬರದೆಯೇ ಇರುವ ಸಂಭವವುಂಟು. ಅಂತಹ ವೇಳೆಯಲ್ಲಿ "ಕಂಪ್ಯೂಟರ್ ಕೈಕೊಟ್ಟಿತು" ಎಂದು ಹೇಳಿ ಮುಂದಿನ ಹಾಡಿಗೆ ಹೋಗುವುದು ವಾಡಿಕೆ. ಇಂತಹ ಕಾರ್ಯಕ್ರಮಗಳನ್ನು ಗಮನಿಸುತ್ತ ಬಂದಂತೆ ನನ್ನ ಮನಸ್ಸಿನಲ್ಲಿ ನೆಲೆಗೊಂಡ ಅಭಿಪ್ರಾಯವೇನೆಂದರೆ, ಕಂಪ್ಯೂಟರಿನ ದೋಷವೆಂದು ತೋರುವುದರಲ್ಲಿ ಬಹುಭಾಗ ವಿದ್ಯುತ್ತಿನ ದೋಷ. ವಿದ್ಯುತ್ತಿನ ದೋಷವೆಂದು ತೋರುವುದರಲ್ಲಿ ಬಹುಭಾಗ ಜೋಡಣೆಯ ದೋಷ. ಈ ಮಾತನ್ನು ಬಿಡಿಸಿ ಹೇಳುವುದಕ್ಕೆ ವಿದ್ಯುತ್ ಕಂಬದಿಂದಲೇ ಆರಂಭಿಸಬೇಕು.

ಶಿವನಸಮುದ್ರದ ಜಲಶಕ್ತಿಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತನ್ನು ಒದಗಿಸಿದ ನಾಡು ನಮ್ಮದು. ಇಂದು ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು, ಆವರ್ತನ ಸೆಕೆಂಡಿಗೆ 50 ಸಲ. ಊರಿನ ಟ್ರಾನ್ಸ್‌ಫಾರ್ಮರಿನಿಂದ, ಅಂದರೆ ಹಳ್ಳಿಗರು ಟೀಸಿ ಎಂದು ಕರೆಯುವ ಪೆಟ್ಟಿಗೆಯಿಂದ, ಮೂರು ಫೇಸುಗಳೂ ಒಂದು ನ್ಯೂಟ್ರಲ್ಲೂ ಹೊರಡುತ್ತವೆ. ಒಂದೊಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು, ಎರಡು ಫೇಸುಗಳ ನಡುವೆ 400 ವೋಲ್ಟು. ಬೀದಿಯ ಒಂದು ಸಾಲಿನ ಮನೆಗಳಿಗೆ ಒಂದು ಫೇಸು, ಇನ್ನೊಂದು ಸಾಲಿಗೆ ಇನ್ನೊಂದು. ದೊಡ್ಡಬಳ್ಳಾಪುರದ ಸುತ್ತಿನಲ್ಲಿ ರೇಷ್ಮೆ ಸೀರೆಯ ಪವರ್‌ಲೂಮುಗಳ ಮೋಟಾರುಗಳೂ ಹಿಟ್ಟಿನ ಗಿರಣಿಗಳೂ ಇವೆ. ಮೋಟಾರು ಹೊರಡುವ ಕ್ಷಣದಲ್ಲಿ, ಓಡುವಾಗ ಬೇಕಾಗುವುದರ ಐದಾರು ಪಟ್ಟು ಪ್ರವಾಹವನ್ನು ಸೆಳೆಯುವುದು ಅದರ ಸ್ವಭಾವ. ಆ ಸೆಳೆತಕ್ಕೆ ಆ ಮಾರ್ಗದ ವೋಲ್ಟೇಜು ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ವೇದಿಕೆಯ ದೀಪ ಒಮ್ಮೆ ಕಣ್ಣು ಮಿಟುಕಿಸಿದುದಕ್ಕೆ ಕಾರಣ ಅರ್ಧ ಮೈಲಿಯಾಚೆಯ ಗಿರಣಿಯಲ್ಲಿ ಇರಬಹುದು.

ಕುತೂಹಲದ ಸಂಗತಿಯೆಂದರೆ, ಈ ಕುಸಿತಕ್ಕೆ ಎಲ್ಲರಿಗಿಂತ ಕಡಿಮೆ ಅಂಜುವುದು ಲ್ಯಾಪ್‌ಟಾಪೇ. ಅದರ ಅಡಾಪ್ಟರನ್ನು ತಿರುಗಿಸಿ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿದರೆ 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆಂದು ಮುದ್ರಿಸಿರುವುದು ಕಾಣುತ್ತದೆ. ಅದರ ಮೇಲೆ ಒಳಗೆ ಬ್ಯಾಟರಿಯೂ ಇದೆ. ಕರೆಂಟು ಪೂರ್ತಿ ಹೋದರೂ ಅದು ತನ್ನ ಪಾಡಿಗೆ ಹಾಡನ್ನು ಓಡಿಸುತ್ತಲೇ ಇರುತ್ತದೆ. ಸಾಯುವುದು ಮಿಕ್ಸರು, ಆಂಪ್ಲಿಫೈಯರು, ಟಿವಿ. ಡೆಸ್ಕ್‌ಟಾಪ್ ಕಂಪ್ಯೂಟರಿಗಾದರೋ ಈ ಆಸರೆಯಿಲ್ಲ. ಸೆಕೆಂಡಿನ ಹತ್ತರಲ್ಲೊಂದು ಪಾಲು ವಿದ್ಯುತ್ತು ತಪ್ಪಿದರೂ ಅದು ಆರಿ ಮತ್ತೆ ಮೊದಲಿನಿಂದ ಹೊರಡಬೇಕು. ಆದುದರಿಂದ ವೇದಿಕೆಗೆ ಲ್ಯಾಪ್‌ಟಾಪನ್ನೇ ತರುವುದು, ಅದರ ಬ್ಯಾಟರಿ ನಿಜವಾಗಿಯೂ ಒಂದು ಗಂಟೆಯಾದರೂ ನಿಲ್ಲುವುದೆಂದು ಮನೆಯಲ್ಲೇ ಪರೀಕ್ಷಿಸಿಕೊಂಡು ಬರುವುದು ಅತ್ಯಗತ್ಯ.

ಇನ್ನು ತಂತಿಯ ವಿಚಾರ. ಶಾಮಿಯಾನದವರು ಕೊಟ್ಟ ಸಣ್ಣ ವೈರನ್ನು ಪಕ್ಕದ ಮನೆಯ ಪ್ಲಗ್ಗಿನಿಂದ ವೇದಿಕೆಯವರೆಗೆ ಎಳೆದು, ಅದರ ತುದಿಗೆ ಒಂದು ಜಂಕ್ಷನ್ ಬಾಕ್ಸು, ಅದರ ತುದಿಗೆ ಇನ್ನೊಂದು ಜಂಕ್ಷನ್ ಬಾಕ್ಸು ಸಿಕ್ಕಿಸಿ ಎಲ್ಲವನ್ನೂ ಅದರಿಂದಲೇ ನಡೆಸುವುದು ನಾವು ಎಲ್ಲೆಲ್ಲಿಯೂ ಕಾಣುವ ದೃಶ್ಯ. ತೋಟದ ಕೊನೆಯ ಸಾಲಿನವರೆಗೆ ಸಣ್ಣ ಪೈಪಿನಲ್ಲಿ ನೀರನ್ನು ಒಯ್ದರೆ ಬಾಯಿಯಲ್ಲಿ ಎಷ್ಟು ರಭಸವಿದ್ದರೂ ತುದಿಯಲ್ಲಿ ಹನಿಯುವಂತೆ, ಇಲ್ಲಿಯೂ ಒತ್ತಡ ದಾರಿಯಲ್ಲೇ ಸವೆದುಹೋಗುತ್ತದೆ. ಲೆಕ್ಕ ಹಾಕಿ ನೋಡುವವರಿಗೆ ಇದು ಸ್ಪಷ್ಟ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು 50 ಮೀಟರು ಎಳೆದರೆ, ಹೋಗುವ ಬರುವ ಎರಡು ಎಳೆಗಳೂ ಸೇರಿ 100 ಮೀಟರು. ಅದರ ಪ್ರತಿರೋಧ ಸುಮಾರು 1.8 ಓಮು, 10 ಆಂಪಿಯರು ಹರಿದರೆ ದಾರಿಯಲ್ಲೇ 18 ವೋಲ್ಟು ನಷ್ಟ. ಕಂಬದಲ್ಲಿಯೇ 205 ಇದ್ದರೆ ವೇದಿಕೆಗೆ ಮುಟ್ಟುವುದು 187. ಅದೇ ದೂರಕ್ಕೆ ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಬಳಸಿದರೆ ನಷ್ಟ ಏಳು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ನಷ್ಟವಾದ ವಿದ್ಯುತ್ತು ಶಾಖವಾಗುವುದರಿಂದ, ಉಳಿದ ವೈರನ್ನು ಸುರುಳಿಯಲ್ಲೇ ಬಿಟ್ಟರೆ ಆ ಸುರುಳಿ ಒಳಗೊಳಗೇ ಕಾದು ಪ್ಲಾಸ್ಟಿಕ್ಕು ಕರಗುವುದೂ ಉಂಟು. ಆದಕಾರಣ ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಹಾಸಬೇಕು.

ಹಳೆಯ ಜಂಕ್ಷನ್ ಬಾಕ್ಸೊಂದನ್ನು ಕೈಯಲ್ಲಿ ಹಿಡಿದು ನೋಡಿ. ಐದು ತೂತುಗಳಲ್ಲಿ ಒಂದರ ಅಂಚು ಕಂದಾಗಿರುತ್ತದೆ. ಅಲ್ಲಿಗೆ ಸಿಕ್ಕಿಸುತ್ತಿದ್ದ ಪ್ಲಗ್ಗಿನ ಹಿತ್ತಾಳೆಯ ಕಡ್ಡಿಗೆ ಕಪ್ಪು ಹಿಡಿದಿರುತ್ತದೆ. ಮೂಗಿನ ಬಳಿ ತಂದರೆ ಸುಟ್ಟ ವಾಸನೆಯ ಶೇಷ. ಒಳಗಿನ ಹಿಡಿ ಸಡಿಲವಾಗಿ, ಕಡ್ಡಿಗೂ ಅದಕ್ಕೂ ನಡುವೆ ಅತಿಸೂಕ್ಷ್ಮವಾದ ಕಿಡಿ ಹಾರುತ್ತಿದ್ದುದರ ಕುರುಹು ಇದು. ಬೇಸ್ ನಾದ ಜೋರಾಗಿ ಆಂಪ್ಲಿಫೈಯರು ಹೆಚ್ಚು ಪ್ರವಾಹವನ್ನು ಬೇಡಿದಾಗ ಈ ಸಡಿಲ ಸಂಧಿಯೇ ಪಟಪಟ ಸದ್ದಾಗಿ ಸ್ಪೀಕರಿನಲ್ಲಿ ಕೇಳಿಬರುತ್ತದೆ. ಜನ ಅದನ್ನು ಹಾಡಿನ ಫೈಲಿನ ದೋಷವೆಂದು ತಿಳಿದು ಫೈಲನ್ನು ಬದಲಿಸುತ್ತಾರೆ. ಬದಲಿಸಬೇಕಾದುದು ಅಗ್ಗದ ಆ ಪೆಟ್ಟಿಗೆಯನ್ನು. ವೇದಿಕೆಯ ಲೈನಿಗೇ ಅಡುಗೆಯವರ ಗ್ರೈಂಡರನ್ನು ಜೋಡಿಸಿದ್ದರಂತೂ ಅದರ ಕಿಡಿಯ ಸದ್ದೂ ಹಾಡಿನೊಡನೆ ಬೆರೆಯುತ್ತದೆ. ಅಡುಗೆಗೂ ಅಲಂಕಾರದ ದೀಪಗಳಿಗೂ ಒಂದು ಲೈನು, ಧ್ವನಿಗೆ ಪ್ರತ್ಯೇಕ ಲೈನು ಎಂಬ ಏರ್ಪಾಟನ್ನು ಮೊದಲೇ ಮಾಡಿಕೊಳ್ಳಬೇಕು.

ವಿದ್ಯುತ್ ದೋಷಗಳಲ್ಲಿ ಅತ್ಯಂತ ಭಯಂಕರವಾದುದು ನ್ಯೂಟ್ರಲ್ ತುಂಡಾಗುವುದು. ಮೂರು ಫೇಸುಗಳ ಮೇಲಿನ ಭಾರ ಅಸಮವಾಗಿರುವಾಗ ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದರೆ ಅಥವಾ ಸಡಿಲವಾದರೆ, ಹೆಚ್ಚು ಭಾರವಿರುವ ಕಡೆ ವೋಲ್ಟೇಜು ಕುಸಿದು, ಕಡಿಮೆ ಭಾರವಿರುವ ಕಡೆ 230ನ್ನು ಮೀರಿ 400ರತ್ತ ಏರುತ್ತದೆ. ಇದನ್ನು ಗುರುತಿಸಲು ಮೀಟರು ಬೇಕಿಲ್ಲ: ಒಂದು ಕಡೆಯ ಬಲ್ಬುಗಳು ಮಂಕಾಗುತ್ತಿರುವಾಗಲೇ ಇನ್ನೊಂದು ಕಡೆಯವು ಎಂದೂ ಇಲ್ಲದ ಪ್ರಕಾಶದಿಂದ ಉರಿಯತೊಡಗಿದರೆ, ಯೋಚಿಸುತ್ತ ನಿಲ್ಲದೆ ಮೈನ್ ಸ್ವಿಚ್ಚನ್ನು ಇಳಿಸಬೇಕು. ಮಿಕ್ಸರು, ಟಿವಿ, ಚಾರ್ಜರುಗಳೆಲ್ಲ ಒಂದೇ ನಿಮಿಷದಲ್ಲಿ ಸುಡುವುದು ಇಂತಹ ಸಂದರ್ಭದಲ್ಲಿ. ಆ ಬಳಿಕ ಕಂಬದ ಕೆಲಸ ಲೈನ್‌ಮನ್ನನದು, ಇನ್ನೊಬ್ಬರದಲ್ಲ. "ಅಣ್ಣಾ, ಟೀಸೀಲಿ ಏನೋ ಆಗೈತೆ, ವಸಿ ಬಂದು ನೋಡಣ್ಣ" ಎಂದು ಊರ ಹುಡುಗರು ಫೋನು ಮಾಡಿದಾಗ, "ಬತ್ತೀನಿ ಇರಪ್ಪ, ನೀನು ಮಾತ್ರ ಕಂಬದ ತಂಟೆಗೆ ಹೋಗಬ್ಯಾಡ" ಎಂದು ಆತ ಹೇಳುವ ಮಾತನ್ನು ಅಕ್ಷರಶಃ ಪಾಲಿಸಬೇಕು. ವಿದ್ಯುತ್ ಸರಬರಾಜು ಕಂಪೆನಿಯಾದ ಬೆಸ್ಕಾಂನ ದೂರಿನ ಸಂಖ್ಯೆ 1912. ಅದು ಹಗಲೂ ರಾತ್ರಿಯೂ ತೆರೆದಿರುತ್ತದೆ.

ಈಗ 'ಗುಂಯ್' ಎಂಬ ಆ ಸದ್ದಿನ ಮಾತು. ಲ್ಯಾಪ್‌ಟಾಪಿಗೆ ಚಾರ್ಜರನ್ನು ಸಿಕ್ಕಿಸಿದೊಡನೆ ಸ್ಪೀಕರಿನಲ್ಲಿ ದುಂಬಿಯ ಝೇಂಕಾರದಂತಹ ಸದ್ದು ಹೊರಟು, ಚಾರ್ಜರನ್ನು ಕಿತ್ತೊಡನೆ ನಿಲ್ಲುವುದನ್ನು ಅನೇಕರು ಗಮನಿಸಿರಬಹುದು. ಲ್ಯಾಪ್‌ಟಾಪು ಒಂದು ಪ್ಲಗ್ಗಿನ ಮೂಲಕ, ಮಿಕ್ಸರು ಬೇರೊಂದು ಪ್ಲಗ್ಗಿನ ಮೂಲಕ ಭೂಮಿಗೆ ಸೇರಿ, ಅವೆರಡನ್ನೂ ಧ್ವನಿಯ ತಂತಿ ಮತ್ತೆ ಜೋಡಿಸಿದಾಗ ಒಂದು ವರ್ತುಲವಾಗುತ್ತದೆ; ಎರಡು ಭೂಸಂಪರ್ಕಗಳ, ಅಂದರೆ ಅರ್ತುಗಳ, ನಡುವಿನ ಅಲ್ಪ ವೋಲ್ಟೇಜು ಆ ವರ್ತುಲದಲ್ಲಿ ಹರಿದು, ಸೆಕೆಂಡಿಗೆ 50 ಸಲದ ಆ ಸ್ಪಂದನವನ್ನು ಸ್ಪೀಕರು ಸದ್ದಾಗಿ ಹೇಳುತ್ತದೆ. ಇದಕ್ಕೆ ಉಚಿತವಾದ ಪರಿಹಾರ ಎಲ್ಲ ಧ್ವನಿಯಂತ್ರಗಳಿಗೂ ಒಂದೇ ಸ್ಥಳದಿಂದ ವಿದ್ಯುತ್ತು ಕೊಡುವುದು. ಅದರಿಂದಲೂ ನಿಲ್ಲದಿದ್ದರೆ ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸು ಎಂಬ, ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರುಳ್ಳ ಪೆಟ್ಟಿಗೆಯನ್ನು ಇಡುವುದು. ಹಾಡೊಂದರ ಮಟ್ಟಿಗೆ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸುವುದೂ ನಿರಪಾಯಕಾರಿ.

ಆದರೆ ಬಹಳ ಕಡೆ ಮಾಡುವುದು ಬೇರೆ: ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು, ಅಂದರೆ ಅರ್ತಿನ ಕಡ್ಡಿಯನ್ನು, ಮುರಿದುಬಿಡುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಆಂಪ್ಲಿಫೈಯರಿನ ಒಳಗೆ ಎಂದಾದರೊಮ್ಮೆ ಫೇಸ್ ತಂತಿ ಕವಚಕ್ಕೆ ತಗುಲಿದರೆ, ಅದು ಭೂಮಿಗೆ ಹರಿದು ಫ್ಯೂಸನ್ನು ಹಾರಿಸುವ ಮಾರ್ಗ ಮುಚ್ಚಿಹೋಗಿರುವುದರಿಂದ, ಆ ವಿದ್ಯುತ್ತು ಮೈಕಿನ ತಂತಿಯ ಹೊದಿಕೆಯ ಮೂಲಕ ಹಾಡುವವನ ಕೈಗೂ ತುಟಿಗೂ ಬರುತ್ತದೆ. ಮಳೆ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಾಡುವ ಮಗುವಿನ ಕೈಯಲ್ಲಿ ಆ ಮೈಕು ಇರುತ್ತದೆಂಬುದನ್ನು ನೆನೆದರೆ ನನ್ನ ಎದೆ ನಡುಗುತ್ತದೆ. ಈ ಲೇಖನದಲ್ಲಿ ಉಳಿದುದೆಲ್ಲ ಮರೆತುಹೋದರೂ ಚಿಂತೆಯಿಲ್ಲ. ಅರ್ತಿನ ಕಡ್ಡಿಯನ್ನು ಮುರಿಯಬೇಡಿ. ಲೈನಿನ ಆರಂಭದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚೊಂದನ್ನು ಅಳವಡಿಸಿದರೆ, ವಿದ್ಯುತ್ತು ದಾರಿ ತಪ್ಪಿ ಭೂಮಿಗೋ ದೇಹದ ಮೂಲಕವೋ ಸೋರತೊಡಗಿದೊಡನೆ ಅದು ಕಡಿದುಕೊಳ್ಳುತ್ತದೆ. ಬೇಸಗೆಯಲ್ಲಿ ನಮ್ಮ ಸೀಮೆಯ ಕೆಮ್ಮಣ್ಣು ಒಣಗಿ ಕಲ್ಲಾದಾಗ ಅರ್ತಿನ ಗುಂಡಿಗೆ ನೀರು ಹುಯ್ಯುವ ಹಳೆಯ ರೂಢಿಯನ್ನು ಬಿಡಬಾರದು. ಒಣಮಣ್ಣಿನಲ್ಲಿ ಅರ್ತು ಹೆಸರಿಗೆ ಮಾತ್ರ ಅರ್ತು.

ಜನರೇಟರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ವೇಗ ಏರಿಳಿದರೆ ಆವರ್ತನವೂ ಏರಿಳಿಯುತ್ತದೆ. ಆವರ್ತನಕ್ಕೆ ಕಟ್ಟುಬಿದ್ದ ಮೋಟಾರುಳ್ಳ ಹಳೆಯ ತಟ್ಟೆಯಂತ್ರಗಳಲ್ಲಿ ಅದರಿಂದ ಹಾಡಿನ ಶ್ರುತಿಯೇ ಜಾರುತ್ತಿತ್ತು. ಕಂಪ್ಯೂಟರು ತನ್ನ ಕಾಲವನ್ನು ಒಳಗಿನ ಸ್ಫಟಿಕದಿಂದ ಅಳೆಯುವುದರಿಂದ ಆ ಬಾಧೆ ಇಂದು ಇಲ್ಲ. ಬಾಧೆ ಇರುವುದು ಕರೆಂಟಿನಿಂದ ಜನರೇಟರಿಗೆ ಬದಲಾಗುವ ಅವಧಿಯಲ್ಲಿ. ಚೇಂಜ್ ಓವರ್ ಹಿಡಿಯನ್ನು ಎಳೆಯುವ ಆ ಕೆಲವು ಕ್ಷಣಗಳಲ್ಲಿ ಮಿಕ್ಸರೂ ಟಿವಿಯೂ ಆರದಂತೆ 600 ವಿಎ ಪ್ರಮಾಣದ ಸಣ್ಣ ಯುಪಿಎಸ್ ಒಂದನ್ನು ಅವೆರಡಕ್ಕೇ ಮೀಸಲಿಡುವುದು ಸಾಕು. ಆಂಪ್ಲಿಫೈಯರನ್ನೂ ದೀಪಗಳನ್ನೂ ಅದಕ್ಕೆ ಹೇರಿದರೆ ಅದು ಎಲ್ಲರಿಗಿಂತ ಮೊದಲೇ ಸೋಲುತ್ತದೆ.

ಇಷ್ಟು ಹೇಳಿದ ಮೇಲೆ ಕಂಪ್ಯೂಟರಿನ ಸರದಿ. ಅತ್ಯಂತ ಸಾಮಾನ್ಯವಾದ ದೂರು ಯಾವುದೆಂದರೆ, ಪರದೆಯ ಮೇಲೆ ಸಾಹಿತ್ಯ ಓಡುತ್ತಿದೆ, ಸ್ಪೀಕರಿನಲ್ಲಿ ಮಾತ್ರ ಸದ್ದಿಲ್ಲ. ಎಚ್‌ಡಿಎಂಐ ತಂತಿಯಲ್ಲಿ ಟಿವಿಯನ್ನು ಜೋಡಿಸಿದೊಡನೆ ಕಂಪ್ಯೂಟರು, ಧ್ವನಿಯೂ ಅದಕ್ಕೇ ಹೋಗಬೇಕೆಂದು ತಾನಾಗಿ ನಿಶ್ಚಯಿಸಿಬಿಡುವುದುಂಟು. ಸಂಜೆಯ ಮೊದಲಿಗೆ ಇದನ್ನು ಸರಿಪಡಿಸಿದ್ದರೂ, ನಡುವೆ ಕರೆಂಟು ಮಿಟುಕಿ ಟಿವಿ ಆರಿ ಹೊತ್ತಿಕೊಂಡರೆ, ಕಂಪ್ಯೂಟರು ಅದನ್ನು ಹೊಸದಾಗಿ ಬಂದ ಸಾಧನವೆಂದು ಎಣಿಸಿ ಧ್ವನಿಯನ್ನು ಪುನಃ ಅದರ ಕಡೆಗೆ ತಿರುಗಿಸುತ್ತದೆ. ಪ್ರತ್ಯೇಕ ಅಡಾಪ್ಟರಿನಿಂದ ನಡೆಯುವ ಯುಎಸ್‌ಬಿ ಹಬ್ಬಿನ ಮೂಲಕ ಸೌಂಡ್ ಕಾರ್ಡನ್ನು ಜೋಡಿಸಿದ್ದರೂ ಇದೇ ಕಥೆ: ಹಬ್ಬು ಒಂದು ಕ್ಷಣ ಆರಿದರೆ ಸೌಂಡ್ ಕಾರ್ಡು ಕಣ್ಮರೆಯಾಗಿ, ಹಾಡಿನ ತಂತ್ರಾಂಶ ಇಲ್ಲದ ಸಾಧನಕ್ಕೆ ಧ್ವನಿ ಕಳುಹಿಸುತ್ತ ಮೌನವಾಗುತ್ತದೆ. ನೋಡುವವರಿಗೆ ಎರಡೂ ಕಂಪ್ಯೂಟರಿನ ತೊಂದರೆ; ಮೂಲ ಮಾತ್ರ ಗಿರಣಿಯ ಮೋಟಾರು. ತಕ್ಷಣದ ಉಪಾಯ, ಧ್ವನಿಯ ಸೆಟ್ಟಿಂಗಿನಲ್ಲಿ ಸರಿಯಾದ ಸಾಧನವನ್ನು ಮತ್ತೆ ಆರಿಸಿ ತಂತ್ರಾಂಶವನ್ನು ಮುಚ್ಚಿ ತೆರೆಯುವುದು; ಶಾಶ್ವತ ಉಪಾಯ, ಟಿವಿಗೆ ಯುಪಿಎಸ್ಸಿನ ಆಸರೆ ಕೊಟ್ಟು, ಸೌಂಡ್ ಕಾರ್ಡನ್ನು ಲ್ಯಾಪ್‌ಟಾಪಿಗೇ ನೇರವಾಗಿ ಸಿಕ್ಕಿಸುವುದು.

ಕಂಪ್ಯೂಟರಿನ ಸ್ವಂತ ದೋಷಗಳೂ ಇಲ್ಲದಿಲ್ಲ. ಯೂಟ್ಯೂಬಿನಿಂದ ನೇರವಾಗಿ ಹಾಡಿಸಿದರೆ ಜಾತ್ರೆಯ ಜನಸಂದಣಿಯಲ್ಲಿ ನೆಟ್‌ವರ್ಕು ಕುಗ್ಗಿ ಹಾಡು ತಡವರಿಸುತ್ತದೆ. ಪೆನ್‌ಡ್ರೈವಿನಿಂದ ನುಡಿಸಿದರೆ ಯಾರದೋ ಮೊಣಕೈ ತಗುಲಿ ಅದು ಕಳಚುತ್ತದೆ. ಹಾಡುಗಳನ್ನೆಲ್ಲ ಮೊದಲೇ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ವೈಫೈಯನ್ನೂ ಅಪ್‌ಡೇಟನ್ನೂ ಅಂದಿನ ಮಟ್ಟಿಗೆ ನಿಲ್ಲಿಸಿ, ತಾನಾಗಿ ನಿದ್ರಿಸುವ ವ್ಯವಸ್ಥೆಯನ್ನು ತೆಗೆದುಹಾಕಿದರೆ ಅರ್ಧ ಕೆಲಸ ಮುಗಿಯಿತು. ಪುರುಷ ಕಂಠದ ಹಾಡನ್ನು ಸ್ತ್ರೀಯರು ಹಾಡುವಾಗ ಶ್ರುತಿಯನ್ನು ಏರಿಸುವ ಸೌಕರ್ಯ ಬಹು ಉಪಯುಕ್ತವಾದರೂ ಅದು ಯಂತ್ರದ ಮೇಲೆ ಹೆಚ್ಚಿನ ಭಾರ; ಧ್ವನಿ ತುಂಡುತುಂಡಾಗತೊಡಗಿದರೆ ತಂತ್ರಾಂಶ ಧ್ವನಿಯನ್ನು ಮುಂಚಿತವಾಗಿ ಕೂಡಿಡುವ ಬಫರನ್ನು 256 ಸ್ಯಾಂಪಲುಗಳಿಂದ 512ಕ್ಕೋ 1024ಕ್ಕೋ ಏರಿಸಬೇಕು. 1024ರಲ್ಲಿಯೂ ಆಗುವ ವಿಳಂಬ ಸೆಕೆಂಡಿನ ಸಾವಿರದಲ್ಲಿ ಸುಮಾರು ಇಪ್ಪತ್ತಮೂರು ಪಾಲು ಮಾತ್ರ; ಮೈಕು ಮಿಕ್ಸರಿಗೇ ನೇರವಾಗಿ ಹೋಗುತ್ತಿರುವಾಗ ಅದು ಹಾಡುವವರ ಅರಿವಿಗೇ ಬರುವುದಿಲ್ಲ. ಬ್ಲೂಟೂತ್ ಸ್ಪೀಕರಿನ ವಿಳಂಬವಾದರೋ ಇದರ ಹಲವು ಪಟ್ಟು. ಅದು ಪರದೆಯ ಅಕ್ಷರಕ್ಕೂ ಕೇಳುವ ತಾಳಕ್ಕೂ ಸಾಮರಸ್ಯವನ್ನೇ ಕೆಡಿಸುತ್ತದೆ.

ಆರಂಭದಲ್ಲಿ ಹೆಸರಿಸಿದ ರಾಜಘಟ್ಟದ ನೆಲದಲ್ಲಿ 2001ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವಿದ್ವಾಂಸರು ಉತ್ಖನನ ನಡೆಸಿ ಪ್ರಾಚೀನ ಬೌದ್ಧ ಚೈತ್ಯದ ಅವಶೇಷಗಳನ್ನೂ, ಭಕ್ತರು ಹರಕೆಯಾಗಿ ಅರ್ಪಿಸಿದ ಜೇಡಿಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳನ್ನೂ ಬೆಳಕಿಗೆ ತಂದರು. ಪ್ರತಿಯೊಂದೂ ಕಾರಣದಿಂದಲೇ ಹುಟ್ಟುತ್ತದೆ, ಕಾರಣವನ್ನು ನೀಗಿದರೆ ಅದೂ ನೀಗುತ್ತದೆ ಎಂಬುದು ಬೌದ್ಧ ಭಿಕ್ಷುಗಳ ಮತದ ತಿರುಳು. ವೇದಿಕೆಯ ಮೇಲೆ ಸದ್ದಡಗಿದ ಗಳಿಗೆಯಲ್ಲಿ ನಾಲ್ಕು ಜನ ನಾಲ್ಕು ತಂತಿಗಳನ್ನು ಏಕಕಾಲಕ್ಕೆ ಎಳೆದಾಡುವುದನ್ನು ಕಂಡಾಗಲೆಲ್ಲ ನನಗೆ ಆ ತತ್ತ್ವ ನೆನಪಾಗುತ್ತದೆ. ಒಬ್ಬನೇ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ, ಕಂಬದಿಂದ ಕಂಠದ ಕಡೆಗೆ ಕ್ರಮವಾಗಿ ಬರಬೇಕು: ಮೊದಲು ವೇದಿಕೆಯ ಬಳಿ ಮಲ್ಟಿಮೀಟರಿನಲ್ಲಿ ವೋಲ್ಟೇಜು, ಅದು ಸರಿಯಿದ್ದರೆ ಮಿಕ್ಸರಿನ ದೀಪಗಳು, ಅವು ಉರಿಯುತ್ತಿದ್ದರೆ ಮೈಕಿನಲ್ಲಿ ಒಂದು ಮಾತು. ಮೈಕು ಕೇಳಿಸಿ ಹಾಡು ಕೇಳಿಸದಿದ್ದರೆ ದೋಷ ಮಿಕ್ಸರಿನಿಂದ ಹಿಂದೆ, ಲ್ಯಾಪ್‌ಟಾಪಿನ ಕಡೆಗಿದೆ. ಎರಡೂ ಕೇಳಿಸದಿದ್ದರೆ ಮಿಕ್ಸರಿನಲ್ಲೋ ಅದರ ಮುಂದೆ, ಸ್ಪೀಕರಿನ ಕಡೆಗೋ ಇದೆ. ಧ್ವನಿಯ ತಂತಿಯನ್ನು ಲ್ಯಾಪ್‌ಟಾಪಿನಿಂದ ಕಿತ್ತು ಮೊಬೈಲಿಗೆ ಸಿಕ್ಕಿಸಿದಾಗ ಹಾಡು ಹೊರಟರೆ ತಂತಿಯೂ ನಿರ್ದೋಷಿ. ಇಷ್ಟಕ್ಕೆ ಎರಡು ನಿಮಿಷ ಸಾಕು. ಆ ಮೊಬೈಲಿನಲ್ಲಿ ಅಂದಿನ ಹಾಡುಗಳೆಲ್ಲ ಮೊದಲೇ ತುಂಬಿದ್ದು, ಅದು ಏರೋಪ್ಲೇನ್ ಮೋಡಿನಲ್ಲಿದ್ದರೆ, ಲ್ಯಾಪ್‌ಟಾಪನ್ನು ಸರಿಪಡಿಸುವವರೆಗೆ ಕಾರ್ಯಕ್ರಮ ಅದರ ಮೇಲೆಯೇ ನಡೆಯಬಹುದು. ಹಾಡು ಅರ್ಧಕ್ಕೆ ನಿಂತ ಆ ಗೃಹಿಣಿಯನ್ನು ಮಾತ್ರ ಸರದಿಯ ಕೊನೆಗೆ ತಳ್ಳದೆ, ಹಾಡು ನಿಂತ ಚರಣದ ಹಿಂದಿನ ಹಿನ್ನೆಲೆಸಂಗೀತದಿಂದ ಪುನಃ ಆರಂಭಿಸಿ ಅವರ ಹಾಡನ್ನು ಪೂರ್ಣಗೊಳಿಸಲು ಅವಕಾಶ ಕೊಡಬೇಕು. ನಿಂತ ನಿಮಿಷವನ್ನು ಬರೆದಿಟ್ಟುಕೊಂಡಿದ್ದರೆ ಇದು ಅತಿ ಸುಲಭ.

ಕಾರ್ಯಕ್ರಮ ನಡೆಸುವ ಯುವಕ ಸಂಘದವರಿಗೆ ಎರಡು ಮಾತು ಉಳಿದಿವೆ. ಕಂಬದ ತಂತಿಗೆ ಕೊಕ್ಕೆ ಹಾಕಿ ವಿದ್ಯುತ್ತು ಪಡೆಯುವುದು 2003ರ ವಿದ್ಯುತ್ ಕಾಯಿದೆಯಂತೆ ಕಳವು, ಅದಕ್ಕಿಂತ ಹೆಚ್ಚಾಗಿ ಪ್ರಾಣಾಪಾಯ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕವನ್ನು ಪಡೆದರೆ ಪ್ರತ್ಯೇಕ ಮೀಟರೂ ಭದ್ರವಾದ ಜೋಡಣೆಯೂ ದೊರೆಯುತ್ತವೆ. ದೀಪಗಳು, ಫ್ಯಾನುಗಳು, ಸ್ಪೀಕರುಗಳನ್ನೆಲ್ಲ ಒಟ್ಟಿಗೆ ಹೊತ್ತಿಸಿ ಅರ್ಧ ಗಂಟೆಯಾದರೂ ನಡೆಸಿ ನೋಡುವ ಪರೀಕ್ಷೆಯನ್ನು ಹಿಂದಿನ ದಿನ ಸಂಜೆ, ಊರಿನ ಮನೆಗಳಲ್ಲೆಲ್ಲ ದೀಪ ಹೊತ್ತುವ ಏಳು ಗಂಟೆಯ ವೇಳೆಗೇ ಮಾಡಬೇಕು. ಮಧ್ಯಾಹ್ನದ ವೋಲ್ಟೇಜನ್ನು ನಂಬಿದವರು ರಾತ್ರಿ ಮೋಸಹೋಗುತ್ತಾರೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಮತ್ತು 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಸರ್ಕಾರವು ಹಬ್ಬಗಳಿಗಾಗಿ ಮಧ್ಯರಾತ್ರಿಯವರೆಗೆ ಸಡಿಲಿಸಬಹುದಾದುದು ವರ್ಷಕ್ಕೆ 15 ದಿನ ಮಾತ್ರ. ಆದುದರಿಂದ ವಿದ್ಯುತ್ತು ಕೈಕೊಟ್ಟು ಕಳೆದ ಅರ್ಧ ಗಂಟೆಯನ್ನು ರಾತ್ರಿಯ ಕೊನೆಗೆ ಸೇರಿಸಿಕೊಳ್ಳುತ್ತೇವೆಂದರೆ ಸಾಧ್ಯವಿಲ್ಲ. ಹಾಡುವವರ ಪಟ್ಟಿಯನ್ನು ಒಂಬತ್ತೂವರೆಗೆ ಮುಗಿಯುವಂತೆಯೇ ರಚಿಸುವುದು, ಉಳಿದ ಅವಧಿಯಲ್ಲಿ ಮೊದಲು ಆಂಪ್ಲಿಫೈಯರು, ಆ ಬಳಿಕ ಮಿಕ್ಸರು, ಕೊನೆಗೆ ಲ್ಯಾಪ್‌ಟಾಪು ಎಂಬ ಕ್ರಮದಲ್ಲಿ ಎಲ್ಲವನ್ನೂ ಆರಿಸಿ, ವೈರುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಸುತ್ತಿಡುವುದು ಯುಕ್ತ.